ಚೌಕದ ಇಟ್ಟಿಗೆಯಲ್ಲಿ ಗಜಪೃಷ್ಠ

ಕಾಸರಗೋಡಿನ ಮಧೂರು ದೇವಸ್ಥಾನಕ್ಕೆ ಒಮ್ಮೆ ಪ್ರದಕ್ಷಿಣೆ ಬಂದವರಿಗೆ ಗಜಪೃಷ್ಠವೆಂದರೇನೆಂದು ವಿವರಿಸಬೇಕಾಗಿಲ್ಲ. ಮುಂಭಾಗದಲ್ಲಿ ನೇರವಾಗಿ ಸಾಗುವ ಗೋಡೆ ಹಿಂದಕ್ಕೆ ಬಂದಂತೆ ಅರ್ಧವೃತ್ತವಾಗಿ ಬಾಗುತ್ತದೆ. ಮೇಲೆ ಮೂರು ಅಂತಸ್ತಿನ ಮಾಡು. ಇದನ್ನು ಲೆಗೊ ಎಂಬ ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಕಟ್ಟಬೇಕೆಂದು ಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು. ಇಟ್ಟಿಗೆ ಚೌಕ, ಗೋಡೆ ದುಂಡು. ಇಟ್ಟಿಗೆಗಳ ಬೆಲೆಯೂ ಕಡಿಮೆಯೇನಲ್ಲ. ಹಾಗಾಗಿ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡುವುದು ಜಾಣತನ.

ಅದಕ್ಕೆಂದೇ ತಂತ್ರಾಂಶಗಳಿವೆ. ಅವುಗಳಲ್ಲಿ ಲಿಯೋಕ್ಯಾಡ್ ಮುಕ್ತ ತಂತ್ರಾಂಶ. ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೇರಳದ ಶಾಲೆಗಳಲ್ಲಿ, ನಮ್ಮ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಮಕ್ಕಳು ಕಲಿಯುವುದೇ ಉಬುಂಟು ಆಧಾರಿತ ಕಂಪ್ಯೂಟರಿನಲ್ಲಿ. ಆದ್ದರಿಂದ ಈ ಮಾತು ನಮ್ಮ ಮಕ್ಕಳಿಗೆ ದೂರದ್ದಲ್ಲ. ಆದರೆ ತಂತ್ರಾಂಶ ತೆರೆದೊಡನೆ ಎಲ್ಲರೂ ಮಾಡುವುದು ಒಂದೇ: ಇಟ್ಟಿಗೆಯನ್ನು ಮೌಸ್‌ನಿಂದ ಎಳೆದು, ಕಣ್ಣಳತೆಯಲ್ಲಿ ತಿರುಗಿಸಿ, ಸರಿ ಕಂಡಲ್ಲಿ ಬಿಡುವುದು. ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಕೈಯಲ್ಲಿ ಕಟ್ಟಲು ಕುಳಿತಾಗ ಕೂರುವುದಿಲ್ಲ. ಟೂಲ್‌ಬಾರಿನ ಪ್ರತಿ ಗುಂಡಿಯ ಹಿಂದೆ ಇರುವ ಲೆಕ್ಕವನ್ನು ಮೊದಲು ಹೇಳಿಕೊಟ್ಟು, ಆಮೇಲೆ ಗುಂಡಿಯನ್ನು ತೋರಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಲೆಕ್ಕದ ಮೂಲ, ಲೆಗೊ ಮಾದರಿಗಳನ್ನು ಕಂಪ್ಯೂಟರ್ ಕಡತವಾಗಿ ಬರೆದಿಡುವ ಪದ್ಧತಿಯಾದ ಎಲ್‌ಡ್ರಾ. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಇದನ್ನು ರೂಪಿಸಿದರು. ಎರಡೇ ವರ್ಷಗಳಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಕಡತದ ಕ್ರಮವನ್ನೇ ಲಿಯೋಕ್ಯಾಡ್, ಎಂಎಲ್‌ಕ್ಯಾಡ್‌ಗಳು ಇಂದಿಗೂ ಅನುಸರಿಸುತ್ತವೆ. ಬ್ರಿಕ್‌ಲಿಂಕ್ ಸ್ಟುಡಿಯೋ ಕೂಡ ಅದನ್ನು ಓದಬಲ್ಲದು. ಇಟ್ಟಿಗೆಯ ನೆತ್ತಿಯ ಮೇಲೆ ದುಂಡನೆಯ ಉಬ್ಬುಗಳಿರುತ್ತವಲ್ಲ, ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಎಲ್‌ಡ್ರಾ ಇದನ್ನು 20 ಭಾಗ ಮಾಡಿತು. ಆ ಅಳತೆಯಲ್ಲಿ ಇಟ್ಟಿಗೆಯ ಎತ್ತರ 24, ತೆಳುವಾದ ಪ್ಲೇಟಿನ ಎತ್ತರ 8. ಎಲ್ಲವೂ ಪೂರ್ಣಾಂಕ; ದಶಮಾಂಶದ ಗೊಡವೆಯೇ ಇಲ್ಲ.

ಟೂಲ್‌ಬಾರಿನಲ್ಲಿರುವ ಗ್ರಿಡ್ ಗುಂಡಿ ಕೆಲಸ ಮಾಡುವುದು ಈ ಅಳತೆಯ ಮೇಲೆಯೇ. ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ ಮೊದಲು ನೂಲು ಎಳೆಯುತ್ತಾನಲ್ಲ, ಗ್ರಿಡ್ ಆ ನೂಲು. ಅದನ್ನು 20ಕ್ಕೆ ಇಟ್ಟರೆ ಇಟ್ಟಿಗೆ ಉಬ್ಬಿನಿಂದ ಉಬ್ಬಿಗೆ ಮಾತ್ರ ಜಿಗಿಯುತ್ತದೆ, 10ಕ್ಕೆ ಇಟ್ಟರೆ ಅರ್ಧ ಉಬ್ಬಿಗೂ ಸರಿಯುತ್ತದೆ.

ಈಗ ಮಧೂರಿನ ಹಿಂಗೋಡೆಗೆ ಬರೋಣ. ನಡುವಿನ ಒಂದು ಉಬ್ಬನ್ನು ಕೇಂದ್ರವೆಂದು ಹಿಡಿದು, ಐದು ಉಬ್ಬಿನ ತ್ರಿಜ್ಯದ ಅರ್ಧವೃತ್ತ ಎಳೆದೆವೆನ್ನಿ. ಬಾಗಿದ ಗೆರೆ ಉಬ್ಬುಗಳ ನಡುವೆ ಎಲ್ಲೆಲ್ಲೋ ಹಾದುಹೋಗುತ್ತದೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಶಾಲೆಯಲ್ಲಿ ಕಲಿತ 3, 4, 5ರ ಲಂಬಕೋನ ತ್ರಿಭುಜವನ್ನು ನೆನಪಿಸಿಕೊಳ್ಳಿ. ಕೇಂದ್ರದಿಂದ ನಾಲ್ಕು ಉಬ್ಬು ಅಡ್ಡಕ್ಕೆ, ಮೂರು ಉಬ್ಬು ಹಿಂದಕ್ಕೆ ಹೋದರೆ ದೂರ ಸರಿಯಾಗಿ ಐದು. ಮೂರು ಅಡ್ಡಕ್ಕೆ, ನಾಲ್ಕು ಹಿಂದಕ್ಕೆ ಹೋದರೂ ಐದೇ. ಎಡಕ್ಕೆ, ಬಲಕ್ಕೆ, ನೇರ ಹಿಂದಕ್ಕೆ ಇರುವ ಮೂರನ್ನೂ ಸೇರಿಸಿದರೆ ಆ ಅರ್ಧವೃತ್ತದ ಮೇಲೆ ಕೂದಲೆಳೆಯೂ ತಪ್ಪದೆ ಏಳು ಉಬ್ಬುಗಳು ಕುಳಿತಿವೆ! ಗ್ರಿಡ್ಡನ್ನು 20ರಲ್ಲೇ ಇಟ್ಟು ಆ ಏಳು ಕಡೆ ದುಂಡು ಇಟ್ಟಿಗೆಯ ಕಂಬಗಳನ್ನು ನಿಲ್ಲಿಸಿ. ಒಂದು ಇಟ್ಟಿಗೆಯನ್ನೂ ತಿರುಗಿಸದೆ ಗಜಪೃಷ್ಠದ ಬಾಗು ಬಂದುಬಿಟ್ಟಿತು. ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿಸುವ ಬದಲು ಮಕ್ಕಳಿಗೆ ಇದನ್ನು ಮಾಡಿಸಬೇಕು.

ಮಾಡಿನ ಪಕ್ಕಾಸು, ಅಂದರೆ ಛಾವಣಿಯನ್ನು ಹೊರುವ ಉದ್ದನೆಯ ಪಟ್ಟಿ, ಇಡುವಾಗ ಮಾತ್ರ ತಿರುಗಿಸುವ ಗುಂಡಿ ಬೇಕಾಗುತ್ತದೆ. ಕೇಂದ್ರದಲ್ಲಿ ಒಂದು ಕಂಬ, ನಾಲ್ಕು ಅಡ್ಡ ಮೂರು ಹಿಂದೆ ಇರುವ ಜಾಗದಲ್ಲಿ ಇನ್ನೊಂದು. ಎರಡೂ ಮೂರು ಇಟ್ಟಿಗೆ ಎತ್ತರ. ಪಕ್ಕಾಸಾಗಿ ಇಡುವ ಆರು ಉಬ್ಬಿನ ಪ್ಲೇಟಿನ ಮೊದಲ ಉಬ್ಬಿನಿಂದ ಕೊನೆಯ ಉಬ್ಬಿಗೆ ಐದರ ಅಂತರ, ಆದ್ದರಿಂದ ಅದು ಎರಡು ಕಂಬಗಳ ನೆತ್ತಿಗೂ ಹಿಡಿದು ಕೂರಬೇಕು. ಕೂರಲು ಎಷ್ಟು ತಿರುಗಬೇಕು? ಸುಮಾರು 36.87 ಡಿಗ್ರಿ. ಟೂಲ್‌ಬಾರಿನಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ 15, 30, 45ರ ಹೆಜ್ಜೆಗಳಲ್ಲಿ ಎಷ್ಟು ಸಲ ಒತ್ತಿದರೂ ಆ ಕೋನ ಬರುವುದಿಲ್ಲ. ಸಂಖ್ಯೆಯನ್ನು ಕೀಲಿಮಣೆಯಿಂದಲೇ ತುಂಬಬೇಕು. 36 ಎಂದು ತುಂಬಿದರೆ, ಒಂದು ತುದಿ ಕೇಂದ್ರದ ಕಂಬದ ಮೇಲೆ ಸರಿಯಾಗಿ ಕುಳಿತಾಗ ಇನ್ನೊಂದು ತುದಿ ಸುಮಾರು 0.6 ಮಿಲಿಮೀಟರ್ ಸರಿದಿರುತ್ತದೆ. ಪರದೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ತಪ್ಪು, ಆದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾದ ಅಚ್ಚಿನಲ್ಲಿ ಎರಕವಾದ ಲೆಗೊ ಭಾಗಗಳಿಗೆ ದೊಡ್ಡದೇ.

ಇನ್ನೊಂದು ಸೂಕ್ಷ್ಮವಿದೆ. ತಂತ್ರಾಂಶ ಪ್ಲೇಟನ್ನು ತಿರುಗಿಸುವುದು ಅದರ ನಡುವನ್ನು ಹಿಡಿದು, ತುದಿಯನ್ನು ಹಿಡಿದಲ್ಲ. ಎರಡು ಕಂಬಗಳ ನಡುಬಿಂದು ಕೇಂದ್ರದಿಂದ ಎರಡು ಉಬ್ಬು ಅಡ್ಡಕ್ಕೆ, ಒಂದೂವರೆ ಉಬ್ಬು ಹಿಂದಕ್ಕೆ, ಅಂದರೆ ಎಲ್‌ಡ್ರಾ ಅಳತೆಯಲ್ಲಿ 40 ಮತ್ತು 30. ಗ್ರಿಡ್ 20ರಲ್ಲೇ ಇದ್ದರೆ ಪ್ಲೇಟು 30ಕ್ಕೆ ಹೋಗಿ ನಿಲ್ಲದು. ಇಲ್ಲಿ ಅದನ್ನು 10ಕ್ಕೆ ಬದಲಿಸಲೇಬೇಕು. ಎಲ್ಲವೂ ಸರಿಹೋದ ಮೇಲೆ ಕಡತವನ್ನು ಸಾದಾ ಪಠ್ಯವಾಗಿ ತೆರೆದರೆ ಆ ಪಕ್ಕಾಸು ಒಂದು ಸಾಲಾಗಿ ಸಿಗುತ್ತದೆ:

1 4 40 -80 30 0.8 0 -0.6 0 1 0 0.6 0 0.8

ಕೊನೆಯಲ್ಲಿ ಪ್ಲೇಟಿನ ಕಡತದ ಹೆಸರು, 3666. ಮೊದಲ 1 ಎಂದರೆ ‘ಇಲ್ಲೊಂದು ಭಾಗವನ್ನು ಇಡು’. 4 ಎಂದರೆ ಕೆಂಪು ಬಣ್ಣ. ಮುಂದಿನ ಮೂರು ಸಂಖ್ಯೆ ಅದರ ಜಾಗ. ಎಲ್‌ಡ್ರಾದಲ್ಲಿ ಮೇಲಕ್ಕೆ ಹೋದಷ್ಟೂ ಋಣ ಸಂಖ್ಯೆ, ಆದ್ದರಿಂದ ಮೂರು ಇಟ್ಟಿಗೆಯ 72ಕ್ಕೆ ಪ್ಲೇಟಿನ 8 ಸೇರಿ -80. ಉಳಿದ ಒಂಬತ್ತು ಸಂಖ್ಯೆಗಳು ತಿರುವನ್ನು ಹೇಳುತ್ತವೆ. ದಶಮಾಂಶ ಮುಗಿಯದ ಕೋನವೊಂದು ಅಲ್ಲಿ ಬರೀ 0.8, 0.6 ಆಗಿ ನಿಂತಿದೆ: ಐದರಲ್ಲಿ ನಾಲ್ಕು, ಐದರಲ್ಲಿ ಮೂರು. ಬಣ್ಣದ ಗುಂಡಿ ಒತ್ತಿದರೆ ಬದಲಾಗುವುದು ಆ 4 ಮಾತ್ರ, ಸರಿಸಿದರೆ ಮೂರು, ತಿರುಗಿಸಿದರೆ ಒಂಬತ್ತು. ಇದನ್ನು ಕಂಡುಕೊಂಡ ಹುಡುಗಿಗೋ ಹುಡುಗನಿಗೋ ಯಾವ ತಂತ್ರಾಂಶದ ಟೂಲ್‌ಬಾರೂ ಆಮೇಲೆ ಅಪರಿಚಿತವಾಗದು.

ಎರಡನೆಯ ಪಕ್ಕಾಸು ಪಕ್ಕದ ಕಂಬಕ್ಕೆ, ಮೂರು ಅಡ್ಡ ನಾಲ್ಕು ಹಿಂದೆ. ಎರಡರ ನಡುವಿನ ಕೋನ ಸುಮಾರು 16 ಡಿಗ್ರಿ ಅಷ್ಟೇ. ಕೇಂದ್ರದ ಬಳಿ ಎರಡೂ ಪ್ಲೇಟುಗಳು ಒಂದರ ಒಳಗೊಂದು ತೂರಿಕೊಳ್ಳುತ್ತವೆ. ಸ್ಟುಡಿಯೋದಲ್ಲಿ ಡಿಕ್ಕಿ ಪರೀಕ್ಷಿಸುವ ಗುಂಡಿಯಿದ್ದು, ಅದು ಒಡನೆ ಎಚ್ಚರಿಸುತ್ತದೆ. ಆ ಸೌಲಭ್ಯ ಎಲ್ಲ ತಂತ್ರಾಂಶಗಳಲ್ಲೂ ಇಲ್ಲ. ಇಲ್ಲದ ಕಡೆ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕನ್ನು ಗಾಳಿಯ ಹಾಗೆ ದಾಟಿಹೋಗುತ್ತದೆ, ಕಟ್ಟುವವರೇ ಹುಷಾರಾಗಿರಬೇಕು. ಎರಡನೆಯದನ್ನು ಒಂದು ಪ್ಲೇಟಿನಷ್ಟು ಎತ್ತಿದರೂ ಸಾಲದು, ಕೆಳಗಿನದರ ಉಬ್ಬುಗಳು ತಾಗುತ್ತವೆ. ಎರಡು ಪ್ಲೇಟಿನಷ್ಟು, ಅಂದರೆ -96ಕ್ಕೆ ಎತ್ತಬೇಕು: ಕೇಂದ್ರದಲ್ಲಿ ಎರಡು ಪಕ್ಕಾಸುಗಳ ನಡುವೆ ಒಂದು ದುಂಡು ಪ್ಲೇಟು, ಹೊರಗಿನ ಕಂಬದ ಮೇಲೆ ಎರಡು.

ಇಲ್ಲಿಗೆ ಬಂದಾಗ ಹಂತ ಸೇರಿಸುವ ಗುಂಡಿಯನ್ನು ಬಳಸದೆ ಗತಿಯಿಲ್ಲ. ಪರದೆಯ ಮೇಲೆ ಯಾವುದನ್ನು ಮೊದಲು ಇಟ್ಟರೂ ನಡೆಯುತ್ತದೆ. ಕೈಯಲ್ಲಿ ಕಟ್ಟುವಾಗ ಕೆಳಗಿನ ಪಕ್ಕಾಸನ್ನು ಮೇಲಿನದು ಕುಳಿತ ಮೇಲೆ ತೂರಿಸಲಾಗದು. ಕಂಬಗಳಿಗೊಂದು ಹಂತ, ಕೆಳಗಿನ ಪಕ್ಕಾಸಿಗೊಂದು, ದುಂಡು ಪ್ಲೇಟುಗಳಿಗೊಂದು, ಮೇಲಿನದಕ್ಕೊಂದು ಎಂದು ಗುರುತು ಹಾಕಿ ಕಡತ ಉಳಿಸಿದರೆ, ಅದನ್ನು ತೆರೆದು ನೋಡುವ ಇನ್ನೊಂದು ಶಾಲೆಯ ಮಕ್ಕಳೂ ಅದೇ ಕ್ರಮದಲ್ಲಿ ಕಟ್ಟಬಹುದು.