ಮೆಟ್ಟಿಲಿನ ಬಾಯಿ ಎಷ್ಟು ಅಗಲ?

ಪಾದಚಾರಿ ಮೇಲ್ಸೇತುವೆ ಸಾಲುತ್ತಿಲ್ಲ, ಅಗಲವಾದದ್ದೊಂದು ಕಟ್ಟಬೇಕು ಎಂದು ಬರುವವರು ಸಾಮಾನ್ಯವಾಗಿ ಒಂದು ಫೋಟೊ ತಂದಿರುತ್ತಾರೆ. ಅದರಲ್ಲಿ ಸೇತುವೆಯ ನಡುಭಾಗ, ಉದ್ದಕ್ಕೂ ಬರೀ ತಲೆಗಳು. 'ಮೆಟ್ಟಿಲಿನ ಫೋಟೊ ಇದೆಯಾ?' ಎಂದು ಕೇಳಿದರೆ ಇರುವುದಿಲ್ಲ. ಮುಂಬಯಿಯಲ್ಲಿ ಇಷ್ಟು ವರ್ಷ ಸೇತುವೆಗಳ ವಿನ್ಯಾಸ ಮಾಡಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ: ಮೇಲೆ ಕಾಣುವ ನೂಕುನುಗ್ಗಲು ಹುಟ್ಟುವುದು ಮೇಲಲ್ಲ, ಇಳಿಯುವ ಜಾಗದಲ್ಲಿ.

ಲೆಕ್ಕ ಸರಳ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ 80 ಜನ ಸಾಗಬಹುದು. ಮೆಟ್ಟಿಲಿನ ಮೇಲೆ ಅದು 50ರಿಂದ 60ಕ್ಕೆ ಇಳಿಯುತ್ತದೆ. ಅಂದರೆ ಸೇತುವೆ ಮೂರು ಮೀಟರ್, ಮೆಟ್ಟಿಲೂ ಮೂರು ಮೀಟರ್ ಇದ್ದರೂ ಮೆಟ್ಟಿಲೇ ಕಿರಿದು. ಕಂಬಿಗೆ ಮೈ ತಾಗದಂತೆ ಜನ ಬಿಡುವ ಗೇಣು ಜಾಗ, ಮೂಲೆಯಲ್ಲಿ ಮೊಬೈಲ್ ಕವರ್ ಮಾರುವವನ ಚೀಲ, ಎದುರಿನಿಂದ ಹತ್ತಿ ಬರುವವರು, ಇವನ್ನೆಲ್ಲ ಕಳೆದರೆ ಉಳಿಯುವುದು ಎರಡೂವರೆ ಮೀಟರ್ ಇದ್ದರೆ ಪುಣ್ಯ. ಈಗ ಒಂದು ಲೋಕಲ್ ರೈಲು ಬಂತು, ಸಾವಿರದ ಇನ್ನೂರು ಜನ ಇಳಿದರು ಎಂದುಕೊಳ್ಳಿ. ನಿಮಿಷಕ್ಕೆ 140 ಜನರಂತೆ ಅವರೆಲ್ಲ ಇಳಿದು ಮುಗಿಯಲು ಎಂಟೂವರೆ ನಿಮಿಷ ಬೇಕು. ಮುಂದಿನ ರೈಲು ನಾಲ್ಕು ನಿಮಿಷಕ್ಕೇ ಬರುತ್ತದೆ. ಮೊದಲಿನವರು ಕರಗುವ ಮುನ್ನ ಎರಡನೆಯವರು ಬೆನ್ನಿಗೆ ಬಂದು ನಿಂತಿರುತ್ತಾರೆ.

ಅದಕ್ಕೇ ನಾವು ಜನರನ್ನು ಗಂಟೆಯ ಲೆಕ್ಕದಲ್ಲಿ ಎಣಿಸುವುದಿಲ್ಲ, ನಿಮಿಷದ ಲೆಕ್ಕದಲ್ಲಿ ಎಣಿಸುತ್ತೇವೆ. ಗಂಟೆಯ ಸರಾಸರಿ ನೋಡಿದರೆ ಯಾವ ಸೇತುವೆಯೂ ಆರಾಮವಾಗಿಯೇ ಇರುತ್ತದೆ. ಹೊಸದಾಗಿ ಸೇರಿದ ಹುಡುಗರನ್ನು ಸಂಜೆ ಆರಕ್ಕೆ ಎಣಿಕೆಯ ಯಂತ್ರ ಕೊಟ್ಟು ಮೆಟ್ಟಿಲಿನ ಕೆಳಗೆ ನಿಲ್ಲಿಸುತ್ತೇನೆ. ಮೊದಲ ದಿನ ಅವರು ಕಾಲು ತುಳಿಸಿಕೊಂಡು ಬರುತ್ತಾರೆ. ಎರಡನೆಯ ದಿನ ಎಲ್ಲಿ ನಿಲ್ಲಬಾರದು ಎಂಬುದು ಗೊತ್ತಾಗಿರುತ್ತದೆ. ವಿನ್ಯಾಸಕ್ಕೆ ಬೇಕಾದ ಅರ್ಧ ತಿಳಿವಳಿಕೆ ಅದೇ.

2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ (ಈಗಿನ ಪ್ರಭಾದೇವಿ) ನಡೆದ ಕಾಲ್ತುಳಿತದಲ್ಲಿ 23 ಮಂದಿ ಸತ್ತರು. ಜೋರು ಮಳೆ. ಕೆಳಗಿಳಿದರೆ ನೆನೆಯುತ್ತೇವೆಂದು ಜನ ಮೆಟ್ಟಿಲಿನ ಮೇಲೆಯೇ ನಿಂತರು, ಹಿಂದಿನಿಂದ ರೈಲುಗಳು ಜನರನ್ನು ಇಳಿಸುತ್ತಲೇ ಇದ್ದವು. ಚದರ ಮೀಟರಿಗೆ ನಾಲ್ಕೈದು ಜನರಾಗುವ ತನಕ ಮನುಷ್ಯ ತನ್ನ ಕಾಲ ಮೇಲೆ ತಾನು ನಿಂತಿರುತ್ತಾನೆ. ಆರೇಳಾದರೆ ಗುಂಪು ನೀರಿನಂತೆ ತುಳುಕತೊಡಗುತ್ತದೆ, ಯಾರೊಬ್ಬರ ಕಾಲೂ ಅವರ ಹತೋಟಿಯಲ್ಲಿರುವುದಿಲ್ಲ. ಆ ದಿನ ಸೇತುವೆ ಮುರಿದು ಬೀಳಲಿಲ್ಲ. ಹೊಸ ಅಗಲದ ಸೇತುವೆಗೆ ಮಂಜೂರಾತಿ ಮೊದಲೇ ಸಿಕ್ಕಿತ್ತು, ಕೆಲಸ ಮಾತ್ರ ಶುರುವಾಗಿರಲಿಲ್ಲ. ಆಮೇಲೆ ಸೇನೆಗೆ ವಹಿಸಿದರು. 2018ರ ಫೆಬ್ರವರಿ 27ಕ್ಕೆ ಅವರು ಕಟ್ಟಿದ ಸೇತುವೆ ತೆರೆಯಿತು. ಎಲ್ಲರೂ ಅದರ ವೇಗವನ್ನು ಹೊಗಳಿದರು, ಹೊಗಳಬೇಕಾದದ್ದೇ. ನನಗೆ ಮಾತ್ರ ಅದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ: ಜನಕ್ಕೆ ಇಳಿಯಲು ಇನ್ನೊಂದು ಬಾಯಿ ಸಿಕ್ಕಿತು.

ರಸ್ತೆಯ ಮೇಲಿನ ಸೇತುವೆಯ ಕಷ್ಟವೇ ಬೇರೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ರೈಲು ನಿಲ್ದಾಣದಿಂದ ದಾದಾಭಾಯಿ ನವರೋಜಿ ರಸ್ತೆ ದಾಟಿಸುತ್ತಿದ್ದ ಹಿಮಾಲಯ ಸೇತುವೆಯನ್ನೇ ನೋಡಿ. ನಮ್ಮ ಊರ ಹಿರಿಯರ ಬಾಯಲ್ಲಿ ಆ ನಿಲ್ದಾಣ ಇಂದಿಗೂ ಬೋರಿಬಂದರ್. ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದವರಿಗೆ ಆ ಬೀದಿಗಳ ಕಲ್ಲುಕಲ್ಲೂ ಗೊತ್ತು. 2019ರ ಮಾರ್ಚ್ 14ರ ಸಂಜೆ ಆ ಸೇತುವೆಯ ನಡೆಯುವ ಹಾಸು ಕುಸಿದು ರಸ್ತೆಗೆ ಬಿತ್ತು, ಪ್ರಾಣಹಾನಿಯಾಯಿತು. ಸಿಗ್ನಲ್ ಕೆಂಪಿದ್ದುದರಿಂದ ಅಡಿಯಲ್ಲಿ ಹೆಚ್ಚು ವಾಹನಗಳಿರಲಿಲ್ಲ. ಅದಕ್ಕೂ ಮುಂಚಿನ ತಪಾಸಣೆಯಲ್ಲಿ ಸಣ್ಣಪುಟ್ಟ ದುರಸ್ತಿ ಸಾಕು ಎಂದು ಬರೆದಿದ್ದರು.

ಹಳೆಯ ಸೇತುವೆಗಳಲ್ಲಿ ನಾನು ಮೊದಲು ನೋಡುವುದು ನೆಲದ ದಪ್ಪ. ಜನಸಂದಣಿ ಸೇರುವ ಕಡೆ ಚದರ ಮೀಟರಿಗೆ 500 ಕಿಲೊ ಭಾರ ಹಿಡಿದು ವಿನ್ಯಾಸ ಮಾಡಬೇಕೆನ್ನುತ್ತದೆ ರಸ್ತೆ, ಸೇತುವೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆ. ಕಟ್ಟಿದಾಗ ಅದು ಸರಿಯಾಗಿಯೇ ಇರುತ್ತದೆ. ಆಮೇಲೆ ಪ್ರತಿ ದುರಸ್ತಿಯಲ್ಲೂ ಹಳೆಯದನ್ನು ಕೀಳದೆ ಮೇಲೊಂದು ಪದರ ಕಾಂಕ್ರೀಟು, ಅದರ ಮೇಲೆ ಟೈಲ್ಸು. ಐದು ಸೆಂಟಿಮೀಟರ್ ಕಾಂಕ್ರೀಟು ಎಂದರೆ ಚದರ ಮೀಟರಿಗೆ 120 ಕಿಲೊ. ಒಬ್ಬ ಮನುಷ್ಯನೂ ಹತ್ತುವ ಮುನ್ನವೇ ಜನಕ್ಕೆಂದು ಮೀಸಲಿಟ್ಟ ಬಲದ ಕಾಲುಭಾಗ ಖರ್ಚಾಯಿತು. ಟೈಲ್ಸಿನ ಸಂದಿಯಿಂದ ಇಳಿದ ಮಳೆನೀರು ಕೆಳಗಿನ ಉಕ್ಕನ್ನು ತಿನ್ನುತ್ತದೆ, ಕಡಲ ಗಾಳಿಯ ಊರಲ್ಲಿ ಇನ್ನೂ ಬೇಗ. ಮೇಲಿನಿಂದ ನೋಡಿದವರಿಗೆ ಮಾತ್ರ ಸೇತುವೆ ಫಳಫಳ.

ಹಿಮಾಲಯದ ಜಾಗಕ್ಕೆ ಹೊಸ ಸೇತುವೆ ಬಂದದ್ದು 2023ರ ಮಾರ್ಚಿನಲ್ಲಿ. ನಡುವಿನ ನಾಲ್ಕು ವರ್ಷ ಜನ ಕೆಳಗಿನ ರಸ್ತೆಯನ್ನೇ ದಾಟಿದರು. ಇದು ನನ್ನ ಕಸುಬಿಗೆ ಸ್ವಲ್ಪ ಇರಿಸುಮುರಿಸಿನ ಸಂಗತಿ. ರಸ್ತೆಯ ಮೇಲೆ ಐದೂವರೆ ಮೀಟರ್ ಎತ್ತರ ಬಿಡಬೇಕು, ಸೇತುವೆಯನ್ನು ಹೊರುವ ತೊಲೆಯ, ಅಂದರೆ ಗರ್ಡರಿನ, ದಪ್ಪ ಸೇರಿದರೆ ಆರೂವರೆಯ ಹತ್ತಿರ. ಹದಿನೈದು ಸೆಂಟಿಮೀಟರಿನ ನಲವತ್ತಮೂರು ಮೆಟ್ಟಿಲು. ಕಾರುಗಳು ನಲವತ್ತು ಸೆಕೆಂಡು ನಿಲ್ಲದಿರಲಿ ಎಂದು ಮೊಣಕಾಲು ನೋವಿನ ಅಜ್ಜಿ ಇಷ್ಟನ್ನೂ ಹತ್ತಿಳಿಯಬೇಕು. ಗಾಲಿಕುರ್ಚಿಗೆ ಇಳಿಜಾರು ಕೊಡೋಣವೆಂದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದದ ಪ್ರಮಾಣದಲ್ಲಿ ಒಂದೊಂದು ಕಡೆಗೂ ಎಪ್ಪತ್ತೈದು ಮೀಟರಿಗಿಂತ ಉದ್ದ. ಅಷ್ಟು ಜಾಗ ಯಾವ ಪೇಟೆಯಲ್ಲಿದೆ? ಲಿಫ್ಟ್ ಹಾಕುತ್ತೇವೆ, ಅದು ಕೆಟ್ಟು ನಿಲ್ಲುತ್ತದೆ. ಜಾಹೀರಾತು ಫಲಕದ ಹಣ ನಂಬಿ ಕಟ್ಟಿದ ಬೆಂಗಳೂರಿನ ಸ್ಕೈವಾಕುಗಳನ್ನು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಲಕ ಚೆನ್ನಾಗಿ ಕಾಣುವ ಜಾಗವೂ ಜನ ದಾಟುವ ಜಾಗವೂ ಒಂದೇ ಆಗಿರಬೇಕೆಂಬ ನಿಯಮವೇನಿಲ್ಲವಲ್ಲ. ಸಿಗ್ನಲ್ ಹಾಕಿ ಕೆಳಗೇ ದಾಟಿಸಲು ಆಗುವುದಾದರೆ ಅಲ್ಲಿ ಸೇತುವೆ ಬೇಡ ಎಂದು ನಾನೇ ಬರೆದುಕೊಟ್ಟದ್ದಿದೆ, ಕೆಲಸ ಕೈತಪ್ಪಿದ್ದೂ ಇದೆ. ನಿಲ್ದಾಣವೇ ಮೇಲಿದ್ದು ಜನ ಅದೇ ಮಟ್ಟದಲ್ಲಿ ನಡೆದು ಬರುವಂತಿದ್ದರೆ ಮಾತ್ರ ಸೇತುವೆಗೆ ಸಾಟಿಯಿಲ್ಲ.

ಕಟ್ಟುವುದೇ ಎಂದಾದ ಮೇಲೆ ನನ್ನ ಹಟ ಒಂದೇ: ಹೊಸದು ತೆರೆಯುವ ತನಕ ಹಳೆಯದನ್ನು ಕೀಳಬಾರದು, ಅದಕ್ಕೆ ಬಲ ಉಳಿದಿದ್ದರೆ. ಹಾಗಾಗಿ ಹೊಸ ಕಂಬಗಳು ಪಕ್ಕಕ್ಕೆ ಸರಿಯಬೇಕು. ಪಕ್ಕದಲ್ಲಿ ಅಗೆದರೆ ನಕ್ಷೆಯಲ್ಲಿಲ್ಲದ ನೀರಿನ ಕೊಳವೆ, ವಿದ್ಯುತ್ ಕೇಬಲ್ಲು. ಕಂಬ ಎಲ್ಲಿ ನಿಲ್ಲಬೇಕೆಂದು ಕೊನೆಗೆ ತೀರ್ಮಾನಿಸುವುದು ಆ ಕೊಳವೆಗಳೇ. ಗರ್ಡರನ್ನು ಕಾರ್ಖಾನೆಯಲ್ಲಿ ತಯಾರಿಸಿ, ರಾತ್ರಿ ಸಂಚಾರ ನಿಲ್ಲಿಸಿ, ಕ್ರೇನಿನಲ್ಲಿ ಎತ್ತಿಡುವುದು ನೋಡಲು ರೋಮಾಂಚನ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಸುಲಭದ್ದು ಅದು.

ಒಂದು ಕಡೆ ಹೀಗೇ ಪಕ್ಕದಲ್ಲಿ ಹೊಸದನ್ನು ಕಟ್ಟಿ, ಹದಿನೈದು ದಿನ ಎರಡನ್ನೂ ತೆರೆದಿಟ್ಟೆವು. ಹೊಸದು ಹಳೆಯದರ ಎರಡರಷ್ಟು ಅಗಲ, ದೀಪವಿತ್ತು, ಚಾವಣಿ ಇತ್ತು. ಜನ ಹಳೆಯದನ್ನೇ ಹತ್ತಿದರು. ಮೂರನೆಯ ಸಂಜೆ ಎಣಿಸಲು ನಿಂತಿದ್ದ ಹುಡುಗ ಫೋನ್ ಮಾಡಿ, 'ಸರ್, ನಮ್ಮ ಮೆಟ್ಟಿಲು ಬಸ್ ಸ್ಟಾಪಿಗೆ ಬೆನ್ನು ಹಾಕಿದೆ' ಎಂದ. ಹೋಗಿ ನೋಡಿದೆ. ನಮ್ಮ ಮೆಟ್ಟಿಲಿಂದ ಇಳಿದವರು ಸುತ್ತಿಕೊಂಡು ಮೂವತ್ತು ಹೆಜ್ಜೆ ವಾಪಸು ನಡೆಯಬೇಕಿತ್ತು, ಅಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ನಕ್ಷೆಗೆ ಸಹಿ ಹಾಕಿದವನು ನಾನೇ. ಹಳೆಯದನ್ನು ಕೀಳುವ ಕೆಲಸ ಮುಂದೂಡಿ, ಬಸ್ ಸ್ಟಾಪಿನ ಕಡೆಗೆ ಇಳಿಯುವ ಇನ್ನೊಂದು ಮೆಟ್ಟಿಲು ಕೂಡಿಸಲು ಮತ್ತೆ ಎರಡೂವರೆ ತಿಂಗಳು ಹಿಡಿಯಿತು.