ಮೋಟಾರು ತಿರುಗಿತು, ಬ್ಯಾಟರಿ ಕೈಕೊಟ್ಟಿತು

ವಿದ್ಯುತ್ ಮೋಟಾರಿಗೆ ಅಮೆರಿಕದಲ್ಲಿ ಮೊದಲ ಪೇಟೆಂಟ್ ಸಿಕ್ಕಿದ್ದು 1837ರ ಫೆಬ್ರವರಿ 25ರಂದು. ಪಡೆದವನು ವೆರ್ಮಾಂಟ್ ರಾಜ್ಯದ ಬ್ರ್ಯಾಂಡನ್ ಊರಿನ ಕಮ್ಮಾರ ಥಾಮಸ್ ಡೇವನ್‌ಪೋರ್ಟ್. ಆದರೆ ಮೋಟಾರುಗಳು ನಿಜವಾಗಿ ದುಡಿಮೆಗೆ ಇಳಿಯಲು ಮತ್ತೆ ನಾಲ್ಕು ದಶಕವೇ ಹಿಡಿಯಿತು. ಏಕೆ?

1833ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ರೌನ್ ಪಾಯಿಂಟ್‌ನ ಕಬ್ಬಿಣದ ಕಾರ್ಖಾನೆಯಲ್ಲಿ ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ವಿನ್ಯಾಸದ ವಿದ್ಯುತ್ಕಾಂತವನ್ನು (ಸುತ್ತಿದ ತಂತಿಯಲ್ಲಿ ಕರೆಂಟು ಹರಿದಾಗ ಕಾಂತವಾಗುವ ಕಬ್ಬಿಣ) ಕಂಡ ಡೇವನ್‌ಪೋರ್ಟ್, ಅದನ್ನು ಕೊಂಡು ತಂದು ಬಿಚ್ಚಿದ. ಸುತ್ತು ಬಿಚ್ಚಿದಂತೆಲ್ಲ ಹೆಂಡತಿ ಎಮಿಲಿ ಬರೆದುಕೊಂಡಳು. ತಂತಿಗೆ ಸುತ್ತಲು ಅವಳು ತನ್ನ ಮದುವೆಯ ರೇಷ್ಮೆ ಉಡುಪನ್ನೇ ಸೀಳಿಕೊಟ್ಟಳೆಂಬ ಕಥೆಯಿದೆ. ಕಥೆ ಹೇಗಾದರೂ ಇರಲಿ, ರೇಷ್ಮೆಯ ಅಗತ್ಯವಂತೂ ನಿಜ. ಬರಿ ತಂತಿಯ ಸುತ್ತುಗಳು ಒಂದಕ್ಕೊಂದು ತಾಗಿದರೆ ಕರೆಂಟು ಸುತ್ತು ಹಾಕದೆ ಅಡ್ಡದಾರಿ ಹಿಡಿಯುತ್ತದೆ. ಕಬ್ಬಿಣ ಕಾಂತವಾಗುವುದೇ ಇಲ್ಲ.

1834ರ ಯಂತ್ರದಲ್ಲಿ ನಾಲ್ಕು ವಿದ್ಯುತ್ಕಾಂತಗಳಿದ್ದವು: ಎರಡು ಸ್ಥಿರ, ಎರಡು ಚಕ್ರದ ಮೇಲೆ. ಎದುರು ಧ್ರುವಗಳು ಒಂದನ್ನೊಂದು ಎಳೆದು ಮುಖಾಮುಖಿಯಾದರೆ ಚಕ್ರ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಸರಿಯಾಗಿ ಆ ಗಳಿಗೆಗೆ ಕರೆಂಟಿನ ದಿಕ್ಕು ತಿರುಗಬೇಕು. ಆಗ ಎಳೆತವೇ ತಳ್ಳುವಿಕೆಯಾಗುತ್ತದೆ. ಆ ಕೆಲಸ ಚಕ್ರದ ಜೊತೆ ತಿರುಗುವ ಸ್ವಿಚ್ಚಿನಂಥ ಕಮ್ಯುಟೇಟರಿನದು. ತುಸು ಮೊದಲೇ ತಿರುಗಿದರೆ ಚಕ್ರಕ್ಕೆ ಹಿಂದಕ್ಕೆ ಒತ್ತು ಬೀಳುತ್ತದೆ, ತಡವಾದರೆ ಎಳೆತವೇ ಬ್ರೇಕಾಗುತ್ತದೆ. ಸುರುಳಿಯ ಕರೆಂಟು ತಟ್ಟನೆ ಕಡಿದಾಗಲೆಲ್ಲ ಕಿಡಿ ಹಾರಿ ಲೋಹವನ್ನು ತಿನ್ನುತ್ತದೆ.

ಇದೆಲ್ಲ ತಿದ್ದಬಹುದಾದ ತೊಂದರೆ. ಬ್ಯಾಟರಿಯದು ಹಾಗಲ್ಲ. ಆಮ್ಲದಲ್ಲಿ ಮುಳುಗಿಸಿದ ಸತು ಕರಗಿದಷ್ಟೇ ಶಕ್ತಿ. ಅಶುದ್ಧ ಸತುವಾದರೆ ಕೆಲಸವಿಲ್ಲದಾಗಲೂ ಸುಮ್ಮನೆ ಸವೆಯುತ್ತದೆ. ಅದಕ್ಕೇ ಪಾದರಸ ಸವರುತ್ತಿದ್ದರು. ತಾಮ್ರದ ಫಲಕಕ್ಕೆ ಜಲಜನಕದ ಗುಳ್ಳೆ ಕವಿದರೆ ಕರೆಂಟು ಕುಸಿಯುತ್ತದೆ. 1840ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಲೆಕ್ಕ ಹಾಕಿದ: ಒಂದು ಪೌಂಡ್ ಸತುವಿನಿಂದ ತನ್ನ ಮೋಟಾರು ಮಾಡಿದ ಕೆಲಸಕ್ಕಿಂತ ಹೆಚ್ಚುಕಡಿಮೆ ಐದು ಪಟ್ಟು ಕೆಲಸವನ್ನು ಒಳ್ಳೆಯ ಉಗಿಯಂತ್ರ ಒಂದು ಪೌಂಡ್ ಕಲ್ಲಿದ್ದಲಿನಿಂದ ಮಾಡುತ್ತದೆ. ಬೆಲೆಯಲ್ಲೋ, ಸತು ಕಲ್ಲಿದ್ದಲಿಗಿಂತ ಎಷ್ಟೋ ದುಬಾರಿ. ಡೇವನ್‌ಪೋರ್ಟ್ ತನ್ನ ಮೋಟಾರಿನಿಂದ ಮುದ್ರಣಯಂತ್ರ ಓಡಿಸಿ 1840ರಲ್ಲಿ ಪತ್ರಿಕೆಯನ್ನೇ ಅಚ್ಚು ಹಾಕಿ ತೋರಿಸಿದರೂ ಕೊಳ್ಳುವವರು ಬರಲಿಲ್ಲ. ತಪ್ಪು ಅವರದೂ ಅಲ್ಲ. 1851ರಲ್ಲಿ ಆತ ತೀರಿಕೊಂಡ.

ತಿರುಗಿಸಿದರೆ ಕರೆಂಟು ಕೊಡುವ ಯಂತ್ರವಾದ ಡೈನಮೊ ಬಂದು, ಕಲ್ಲಿದ್ದಲೇ ಕರೆಂಟಾಗತೊಡಗಿದ ಮೇಲೆ ಲೆಕ್ಕ ತಿರುಗಿತು. 1888ರಲ್ಲಿ ಅಮೆರಿಕದ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಸುಮಾರು 40 ಟ್ರಾಮುಗಳನ್ನು ಮೋಟಾರಿನಿಂದ ಓಡಿಸಿದ. ಅಲ್ಲಿ ಕಾಡಿದ್ದು ಕಮ್ಯುಟೇಟರಿಗೆ ಕರೆಂಟು ಮುಟ್ಟಿಸುವ, ಅದಕ್ಕೆ ಉಜ್ಜಿ ಬೇಗ ಸವೆಯುತ್ತಿದ್ದ ಲೋಹದ ಬ್ರಷ್‌ಗಳು. ಮುಂದೆ ಅವುಗಳ ಜಾಗಕ್ಕೆ ಕಾರ್ಬನ್ ಬ್ರಷ್ ಬಂತು.