ಅಳಿಸಿದರೂ ಹೋಗದ ಫೈಲು

ಒಂದು ರಾತ್ರಿ ಕೆಲಸದ ಲಿನಕ್ಸ್ ಸರ್ವರಿನ ಡಿಸ್ಕ್ ತುಂಬಿಹೋಯಿತು. ಹುಡುಕಿದರೆ 40 ಜಿಬಿಗೆ ಊದಿಕೊಂಡ ಲಾಗ್ ಫೈಲು (ಪ್ರೋಗ್ರಾಂ ತನ್ನ ಆಗುಹೋಗು ಬರೆದಿಡುವ ಫೈಲು) ಸಿಕ್ಕಿತು. ಫೈಲು ಅಳಿಸುವ ಕಮಾಂಡ್ ‘ಆರ್‌ಎಂ’ ಹೊಡೆದೆ. ಫೈಲು ಮಾಯ, ಆದರೆ ಡಿಸ್ಕ್ ಇನ್ನೂ ಫುಲ್! ಕಾಣುವ ಫೈಲುಗಳನ್ನು ಕೂಡಿಸುವ ‘ಡಿಯು’ ಕಮಾಂಡ್ ಒಂದು ಲೆಕ್ಕ ಹೇಳುತ್ತಿತ್ತು, ಇಡೀ ಡಿಸ್ಕಿನ ಜಾಗ ಹೇಳುವ ‘ಡಿಎಫ್’ ಇನ್ನೊಂದು.

ನಾನು ತಿಳಿದುಕೊಂಡದ್ದೇ ತಪ್ಪಾಗಿತ್ತು. ಆರ್‌ಎಂ ಫೈಲನ್ನು ಅಳಿಸುವುದಿಲ್ಲ, ಅದರ ಒಂದು ಹೆಸರನ್ನು ಹೊಡೆದುಹಾಕುತ್ತದೆ, ಅಷ್ಟೆ. ಅದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಕೊಡುವ ಕರೆಯ (ಸಿಸ್ಟಂ ಕಾಲ್) ಹೆಸರೇ ‘ಅನ್‌ಲಿಂಕ್’, ಅಂದರೆ ಕೊಂಡಿ ಕಳಚು. ಫೈಲಿನ ಅಸಲಿ ದಾಖಲೆ ಐನೋಡ್. ಫೈಲು ಯಾರದ್ದು, ಎಷ್ಟು ದೊಡ್ಡದು, ಯಾವ ಬ್ಲಾಕ್‌ಗಳಲ್ಲಿದೆ, ಎಲ್ಲ ಅದರಲ್ಲಿರುತ್ತದೆ. ಹೆಸರು ಮಾತ್ರ ಇರುವುದಿಲ್ಲ, ಅದು ಡೈರೆಕ್ಟರಿಯಲ್ಲಿರುತ್ತದೆ. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ವೈಷ್ಣವಿ ಅಂತ ಒಂದೇ ಹುಡುಗಿಯನ್ನು ಕರೆಯುವ ಹಾಗೆ ಒಂದು ಐನೋಡ್‌ಗೆ ಎಷ್ಟೋ ಹೆಸರಿರಬಹುದು.

ಹಾಗಾಗಿ ಕರ್ನಲ್ ಎರಡು ಎಣಿಕೆ ಇಟ್ಟುಕೊಳ್ಳುತ್ತದೆ. ಹೆಸರುಗಳ ಎಣಿಕೆ ಡಿಸ್ಕ್ ಮೇಲಿರುತ್ತದೆ. ಫೈಲುಗಳ ಪಟ್ಟಿ ತೋರಿಸುವ ‘ಎಲ್‌ಎಸ್ -ಎಲ್’ ಕೊಟ್ಟಾಗ ಎರಡನೇ ಕಾಲಂನಲ್ಲಿ ಕಾಣುವುದು ಅದೇ. ಈಗ ಆ ಐನೋಡನ್ನು ಹಿಡಿದುಕೊಂಡವರ (ಉದಾಹರಣೆಗೆ ಫೈಲು ತೆರೆದಿಟ್ಟ ಪ್ರೋಗ್ರಾಂಗಳ) ಎಣಿಕೆ ಮೆಮೊರಿಯಲ್ಲಿರುತ್ತದೆ. ಎರಡೂ ಸೊನ್ನೆಯಾಗುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿದ್ದರೂ ಎಲೆ ಎತ್ತುವುದಿಲ್ಲ, ಅಲ್ವಾ? ನನ್ನ ಸರ್ವರಿನಲ್ಲಿ ಲಾಗ್ ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ಕೂತೇ ಇತ್ತು. ಅದನ್ನು ರೀಸ್ಟಾರ್ಟ್ ಮಾಡಿದ್ದೇ ತಡ, 40 ಜಿಬಿ ಒಂದೇ ಸಲ ಖಾಲಿಯಾಯಿತು.

ನಡುವೆ ಕರೆಂಟು ಹೋದರೆ? ಹೆಸರು ಆಗಲೇ ಇಲ್ಲ, ಮೆಮೊರಿಯ ಎಣಿಕೆಯೂ ಹೋಯಿತು. ಆ ಬ್ಲಾಕ್‌ಗಳನ್ನು ಕೇಳುವವರೇ ಇಲ್ಲ. ಅದಕ್ಕೇ ಲಿನಕ್ಸ್‌ನಲ್ಲಿ ಡಿಸ್ಕಿನ ಫೈಲುಗಳನ್ನು ನೋಡಿಕೊಳ್ಳುವ ಎಕ್ಸ್ಟ್4 ಫೈಲ್‌ಸಿಸ್ಟಂ ಇಂಥ ಐನೋಡ್‌ಗಳನ್ನು ಡಿಸ್ಕಿನಲ್ಲೇ ಒಂದು ‘ಅನಾಥರ ಪಟ್ಟಿ’ಯಲ್ಲಿ ಬರೆದಿಡುತ್ತದೆ. ಮುಂದಿನ ಸಲ ಮೌಂಟ್ ಆದಾಗ (ಡಿಸ್ಕ್ ಬಳಕೆಗೆ ಜೋಡಣೆಯಾದಾಗ) ಪಟ್ಟಿ ನೋಡಿ ಗುಡಿಸಿಹಾಕುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಕಷ್ಟ ಇರುವುದು ಎಣಿಸುವುದರಲ್ಲಿ. ಹಿಡಿದಾಗ ಒಂದು ಕೂಡಿಸಬೇಕು, ಬಿಟ್ಟಾಗ ಕರ್ನಲ್‌ನ ‘ಐಪುಟ್’ ಫಂಕ್ಷನ್ ಕರೆದು ಒಂದು ಕಳೆಯಬೇಕು. ಕಳೆಯಲು ಮರೆತರೆ ಮೆಮೊರಿ ಸೋರುತ್ತದೆ. ಒಂದು ಜಾಸ್ತಿ ಕಳೆದರೆ ಉಣ್ಣುವವರ ಮುಂದಿನಿಂದಲೇ ಎಲೆ ಎತ್ತಿದಂತೆ. ಎಣಿಕೆಗೆ ಎಷ್ಟು ಜನ ಅನ್ನುವುದಷ್ಟೇ ಗೊತ್ತು, ಯಾರು ಅನ್ನುವುದು ಗೊತ್ತಿಲ್ಲ. ತಪ್ಪು ಹುಡುಕುವವರಿಗೆ ತಲೆ ಕೆಡುವುದೇ ಇಲ್ಲಿ. ಅದರಲ್ಲೂ ಮರೆವು ಅಡಗಿರುವುದು ಎರರ್ ಬಂದಾಗ ಮಾತ್ರ ಓಡುವ ಸಾಲುಗಳಲ್ಲಿ.

2016ರಲ್ಲಿ ಬಯಲಾದ ಲಿನಕ್ಸ್ ಬಗ್ ಅಂಥದ್ದೇ. ಅದು ಫೈಲಿನದ್ದಲ್ಲ, ಪಾಸ್‌ವರ್ಡ್‌ನಂಥ ಗುಟ್ಟಿನ ಕೀಲಿಗಳನ್ನು ಇಡುವ ಕೀರಿಂಗ್‌ನದ್ದು. ಈಗಾಗಲೇ ಕೈಯಲ್ಲಿರುವ ಕೀರಿಂಗನ್ನೇ ಮತ್ತೆ ಕೇಳಿದರೆ ಕೋಡ್ ಕಳೆಯುವ ಸಾಲನ್ನು ಹಾರಿ ಮುಂದೆ ಹೋಗುತ್ತಿತ್ತು. ಎಣಿಕೆ 32 ಬಿಟ್‌ನದ್ದು. 4,29,49,67,296 ಸಲ ಕೂಡಿಸಿದರೆ ಹಳೇ ಸ್ಕೂಟರಿನ ಮೀಟರಿನ ಹಾಗೆ ಸುತ್ತಿ ಮತ್ತೆ ಸೊನ್ನೆ! ಹಿಡಿದವರಿದ್ದರೂ ಕರ್ನಲ್ ಅದನ್ನು ಬಿಡುಗಡೆ ಮಾಡುತ್ತಿತ್ತು. ಆ ಖಾಲಿ ಜಾಗಕ್ಕೆ ತನಗೆ ಬೇಕಾದದ್ದನ್ನು ತುಂಬಿ ಸಾಮಾನ್ಯ ಬಳಕೆದಾರ ರೂಟ್, ಅಂದರೆ ಇಡೀ ಯಂತ್ರದ ಒಡೆಯ, ಆಗಬಹುದಿತ್ತು.

2017ರ 4.11 ಕರ್ನಲ್‌ಗೆ ‘ರೆಫ್‌ಕೌಂಟ್_ಟಿ’ ಅನ್ನುವ ಹೊಸ ಎಣಿಕೆ ಬಂತು. ಅದು ಮಿತಿ ಮುಟ್ಟಿದರೆ ಸುತ್ತುವುದಿಲ್ಲ, ಅಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಆ ವಸ್ತು ರೀಬೂಟ್ ಆಗುವವರೆಗೂ ಮೆಮೊರಿಯಲ್ಲಿ ಸುಮ್ನೆ ಬಿದ್ದಿರುತ್ತದೆ.